ಬೋಣಿ ತಟ್ಟೆ

ನಾನು ಬೆಳೆದ ಮನೆಯಲ್ಲಿ ಒಲೆ ಇರಲಿಲ್ಲ. ಬಡತನವೆಂದು ತಿಳಿದು ಯಾರೂ ಮರುಗಬೇಡಿ. ನಮ್ಮ ಕಾಲಡಿಯಲ್ಲೇ ಬೆಳಗಿನಿಂದ ಸಂಜೆಯ ತನಕ ಸಾಲು ಒಲೆಗಳು ಭುಸುಗುಡುತ್ತಿದ್ದವು. ನಾಸಿಕದ ಪಂಚವಟಿಯಲ್ಲಿ, ಗೋದಾವರಿಯಲ್ಲಿ ಮಿಂದು ಬಂದ ಯಾತ್ರಿಕರು ಒದ್ದೆ ಪಂಚೆ ಹಿಂಡುತ್ತಾ ಹಾದುಹೋಗುವ ಗಲ್ಲಿಗೆ ಮುಖಮಾಡಿ ನಮ್ಮ ಹೋಟೆಲು, ಅದರ ತಲೆಯ ಮೇಲೆ ಎರಡು ಕೋಣೆಯ ನಮ್ಮ ಮನೆ. ಹಿಂದಿನ ಕೋಣೆಯ ಕಿಟಕಿಯಲ್ಲಿ ಒಂದು ಹಗ್ಗ, ಹಗ್ಗದ ತುದಿಗೆ ಬೆತ್ತದ ಬುಟ್ಟಿ. ಹೋಟೆಲಿನ ಹಿತ್ತಲಿನಿಂದ “ಅಮ್ಮಾ, ಬುಟ್ಟೀ!” ಎಂದು ಕೂಗು ಬಂದರೆ ಅಮ್ಮ ಎದ್ದು ಹಗ್ಗ ಎಳೆಯುತ್ತಿದ್ದಳು. ನಮ್ಮ ಊಟವೆಂದರೆ ಆ ಬುಟ್ಟಿಯಲ್ಲಿ ಬಂದದ್ದು. ಬುಟ್ಟಿಯಲ್ಲಿ ಬರುತ್ತಿದ್ದುದು ಗಿರಾಕಿ ತಿನ್ನದೆ ಉಳಿದದ್ದು: ಬೆಳಗ್ಗೆ ಮಾರಾಟವಾಗದ ಉದ್ದಿನವಡೆ ಮಧ್ಯಾಹ್ನ ಸಾಂಬಾರಿನಲ್ಲಿ ಮುಳುಗಿ, ಮಧ್ಯಾಹ್ನ ಮಿಕ್ಕ ಪೂರಿ ಸಂಜೆಗೆ ಸಾಗುವಿನ ಜೊತೆ, ಸಂಜೆಯ ಗೋಳಿಬಜೆ ರಾತ್ರಿಗೆ ತಣ್ಣಗೆ, ರಬ್ಬರಿನಂತೆ. ಶೀರಾ ಮಾತ್ರ ಯಾವಾಗಲೂ ಉಳಿಯುತ್ತಿತ್ತು, ಯಾವಾಗಲೂ ಬರುತ್ತಿತ್ತು. ಶಾಲೆಯ ಗೆಳತಿಯರಿಗೆ ನಮ್ಮನ್ನು ಕಂಡರೆ ಹೊಟ್ಟೆಕಿಚ್ಚು. ದಿನಾ ಹೋಟೆಲ್ ತಿಂಡಿ, ಎಂಥ ಪುಣ್ಯ ಎನ್ನುತ್ತಿದ್ದರು. ಅದೇ ಬಾಯಲ್ಲಿ ನನ್ನನ್ನು “ಜಾಡಿ” ಎಂದು ಕರೆಯುತ್ತಿದ್ದರು. ಮರಾಠಿಯಲ್ಲಿ ಹಾಗೆಂದರೆ ದಡೂತಿ ಹುಡುಗಿ.

ಈ ಏರ್ಪಾಡು ದೊಡ್ಡಪ್ಪನದು. ಅಪ್ಪನ ಅಣ್ಣ ಅವರು. ಉಡುಪಿ ಕಡೆಯಿಂದ ಮೊದಲು ಬಂದು, ಪಾತ್ರೆ ತೊಳೆದು, ಲೋಟ ಎತ್ತಿ, ಕೊನೆಗೆ ಸ್ವಂತ ಹೋಟೆಲ್ ಹಾಕಿದವರು. ಅವರ ದುಡಿಮೆಯ ಬಗ್ಗೆ ನನಗೆ ಎರಡು ಮಾತಿಲ್ಲ. ನಾಸಿಕದ್ದು ಕುದುರಿದ ಮೇಲೆ ಅದನ್ನು ಅಪ್ಪನ ಕೈಗೆ ಕೊಟ್ಟು, ತಾವು ಇನ್ನೊಂದು ಹೋಟೆಲ್ ಹಾಕಲು ಈಗಿನ ಛತ್ರಪತಿ ಸಂಭಾಜಿನಗರಕ್ಕೆ ಹೋದರು; ಆಗ ಆ ಊರಿನ ಹೆಸರು ಬೇರೆ ಇತ್ತು. ಕೈಗೆ ಕೊಟ್ಟರು ಎಂದೆನಲ್ಲ, ಸರಿಯಾಗಿ ಹೇಳಬೇಕೆಂದರೆ ಅಪ್ಪನನ್ನು ಗಲ್ಲಾಪೆಟ್ಟಿಗೆಯ ಹಿಂದೆ ಕೂರಿಸಿದರು. ಬೀಗದ ಕೈ, ನಿರ್ಧಾರ, ಕೊನೆಯ ಮಾತು ಎಲ್ಲವೂ ಅವರದೇ. ಅಪ್ಪನದು ಮುಖ. ಅಪ್ಪನದು ಹೊಟ್ಟೆ.

ಹೊಟ್ಟೆ ಎಂದು ಸುಮ್ಮನೆ ಹೇಳುತ್ತಿಲ್ಲ. ನಮ್ಮ ಹೋಟೆಲಿನಲ್ಲಿ ಒಂದು ಪದ್ಧತಿ ಇತ್ತು, ಬೋಣಿ ತಟ್ಟೆ ಎನ್ನುತ್ತಿದ್ದರು. ಒಲೆಯಿಂದ ಯಾವ ತಿಂಡಿಯೇ ಇಳಿಯಲಿ, ಅದರ ಮೊದಲ ತಟ್ಟೆ ಗಿರಾಕಿಗೆ ಹೋಗುವಂತಿಲ್ಲ. ಗೋಡೆಯ ಮೇಲಿನ ದೇವರ ಪಟದ ಮುಂದೆ ಹಿಡಿದು, ನೀರು ಸುತ್ತಿ, ಅದನ್ನು ನೇರ ಅಪ್ಪನ ಮುಂದೆ ಇಡುವುದು. ಅಪ್ಪ ಒಳಗೆ ಕೂತು ತಿನ್ನುವಂತಿಲ್ಲ. ಬಾಗಿಲ ಪಕ್ಕ, ರಸ್ತೆಗೆ ಕಾಣುವ ಮೇಜಿನಲ್ಲಿ, ಹೋಗುವವರು ಬರುವವರು ನೋಡುವಂತೆ ತಿನ್ನಬೇಕು. ಇಡ್ಲಿ ಇಳಿಯಿತು, ತಟ್ಟೆ. ವಡೆ ಇಳಿಯಿತು, ತಟ್ಟೆ. ಉಪ್ಪಿಟ್ಟು, ಶೀರಾ, ಬನ್ಸ್, ಹತ್ತು ಗಂಟೆಗೆ ಮಸಾಲೆದೋಸೆ, ಮಧ್ಯಾಹ್ನದ ಊಟದ ಎಲೆ, ನಾಲ್ಕು ಗಂಟೆಗೆ ಬಜೆ. ಏಕಾದಶಿ ಬಂದರೆ ಉಪವಾಸದ ಯಾತ್ರಿಕರಿಗೆಂದು ಸಾಬೂದಾಣೆ ವಡೆ, ಶೇಂಗಾ ಹಾಕಿದ ಖಿಚಡಿ, ಆಲೂಗಡ್ಡೆ ಚಿವಡಾ. ಅವಕ್ಕೂ ಬೋಣಿ ಆಗಬೇಕಲ್ಲ! ಉಪವಾಸದ ದಿನ ಅಪ್ಪ ಉಳಿದ ದಿನಗಳಿಗಿಂತ ಹೆಚ್ಚು ತಿನ್ನುತ್ತಿದ್ದರು.

ಇದಕ್ಕೆ ದೊಡ್ಡಪ್ಪ ಅಪ್ಪನಿಗೆ ಕೊಡುತ್ತಿದ್ದ ಕಾರಣ ಹೀಗೆ:

“ಗಿರಾಕಿ ಬೋರ್ಡು ಓದೂದಿಲ್ಲ ವಾಸು, ಮಾಲೀಕನ ಮೈ ಓದ್ತಾನೆ. ಒಣಗಿದ ಶೇಟಿನ ಹೋಟೆಲಿಗೆ ಯಾರು ಹೋಗ್ತಾರೆ ಹೇಳು? ಅವನೇ ತಿನ್ನೂದಿಲ್ಲ, ನಾವು ಎಂತಕ್ಕೆ ತಿನ್ನಬೇಕು ಅಂತಾರೆ.”

ಹೇಳುತ್ತಿದ್ದ ದೊಡ್ಡಪ್ಪ ಹೇಗಿದ್ದರು ಎಂದರೆ, ಬಿದಿರಿನ ಗಳ. ಆಗ ಅದು ಯಾರಿಗೂ ಹೊಳೆಯಲಿಲ್ಲ. ಅಪ್ಪನಿಗೂ ಹೊಳೆಯಲಿಲ್ಲ, ಏಕೆಂದರೆ ಅಪ್ಪನಿಗೆ ಆ ತಟ್ಟೆ ಇಷ್ಟವಾಗಿತ್ತು. ಹುಟ್ಟಿನಿಂದ ತುಂಬುಮೈಯವರು, ನಗುಮುಖ. ಓಝರಿನ ವಿಮಾನ ಕಾರ್ಖಾನೆಯ ಕಾಲೋನಿಯಿಂದ ಭಾನುವಾರ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬರುವ ಎಂಜಿನಿಯರುಗಳು ಅಪ್ಪನ ಹೊಟ್ಟೆ ತಟ್ಟಿ, “ಶೇಟ್, ಹೀ ಖರೀ ಜಾಹಿರಾತ್!” ಎನ್ನುತ್ತಿದ್ದರು. ಇದೇ ನಿಜವಾದ ಜಾಹೀರಾತು ಅಂತ. ಅಪ್ಪ ಹೊಟ್ಟೆ ಕುಣಿಸಿ ನಗುತ್ತಿದ್ದರು. ಹೊಗಳಿಕೆಯ ರುಚಿ ಹತ್ತಿದ ಮೇಲೆ ವಡೆಯ ರುಚಿ ಬಿಡುವುದು ಕಷ್ಟ. ದಪ್ಪಗಿರುವವರನ್ನು ಗೇಲಿ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬೆನ್ನು ತಟ್ಟಿ ಇನ್ನೊಂದು ಬಡಿಸುವವರನ್ನು ಕಂಡರೆ ಅದರ ಇಮ್ಮಡಿ ಬರುತ್ತದೆ. ಗೇಲಿ ಮಾಡುವವನು ಬಾಯಿ ಹರಿಯಬಿಟ್ಟು ಹೋಗುತ್ತಾನೆ. ಬಡಿಸುವವನಿಗೆ ಅದರಲ್ಲಿ ಏನೋ ಗಿಟ್ಟುತ್ತಿರುತ್ತದೆ. ನಾನು ಬದುಕೆಲ್ಲ ಸಂತೆಯಲ್ಲಿ ಚೌಕಾಸಿ ಮಾಡಿದವಳು, ಈ ಮಾತನ್ನು ಬರೆದಿಟ್ಟುಕೊಳ್ಳಿ: ಯಾರಾದರೂ ಒತ್ತಾಯ ಮಾಡಿ ಕೊಡುತ್ತಿದ್ದರೆ ಲಾಭ ಯಾರಿಗೆ ಎಂದು ಒಮ್ಮೆ ನೋಡಿಕೊಳ್ಳಿ.

ಮನೆಗೆ ಹತ್ತುವ ಮೆಟ್ಟಿಲು ಕಡಿದಾಗಿತ್ತು, ಕಲ್ಲಿನದು, ನಡುವೆ ಒಂದು ತಿರುವು. ನನ್ನ ನೆನಪಿನ ಮೊದಲ ಅಪ್ಪ ಆ ಮೆಟ್ಟಿಲನ್ನು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹತ್ತುತ್ತಿದ್ದ ಅಪ್ಪ. ಆಮೇಲಿನ ಅಪ್ಪ ತಿರುವಿನಲ್ಲಿ ನಿಲ್ಲುವ ಅಪ್ಪ. ಗೋಡೆಗೆ ಕೈಕೊಟ್ಟು, ಬಾಯಿ ತೆರೆದು, ಹಣೆಯ ಬೆವರು ಒರೆಸಿಕೊಳ್ಳುತ್ತಾ, “ಜಯಾ, ಇವತ್ತು ಸೆಖೆ ಜಾಸ್ತಿ ಅಲ್ವಾ?” ಎಂದು ನನ್ನನ್ನು ಕೇಳುತ್ತಿದ್ದರು. ಪುಷ್ಯಮಾಸದ ಚಳಿಯಲ್ಲೂ ಅವರಿಗೆ ಸೆಖೆ. ಮಧ್ಯಾಹ್ನ ಮಲಗಿದರೆ ಗೊರಕೆ ಗಲ್ಲಿಗೆ ಕೇಳುವಷ್ಟು. ನಡುವೆ ಒಮ್ಮೆಲೇ ಗೊರಕೆ ನಿಂತು, ಉಸಿರೇ ಇಲ್ಲದೆ, ಆಮೇಲೆ ಮುಳುಗಿದವನು ಎದ್ದಂತೆ ಗಕ್ಕೆಂದು ಎಳೆಯುವ ಶ್ವಾಸ. ಆ ನಿಂತ ಹೊತ್ತಿನಲ್ಲಿ ಅಮ್ಮನ ಕೈಯ ಬೀಸಣಿಗೆಯೂ ನಿಲ್ಲುತ್ತಿತ್ತು. ಕೆಲವು ತಿಂಗಳಲ್ಲಿ ಅಪ್ಪ ಮೇಲೆ ಹತ್ತುವುದನ್ನೇ ಬಿಟ್ಟರು. ಮೊಣಕಾಲು ನೋವು ಎಂದರು. ಹೋಟೆಲಿನ ಒಳಗೆ ಹಿಟ್ಟಿನ ಮೂಟೆಗಳ ಪಕ್ಕ ಬೆಂಚು ಹಾಕಿಸಿಕೊಂಡು ಅಲ್ಲೇ ಮಲಗತೊಡಗಿದರು. ತಲೆಯ ಮೇಲೆ ಸ್ವಂತ ಮನೆ ಇದ್ದೂ ಮನುಷ್ಯ ಅದಕ್ಕೆ ಹತ್ತಲಾರದೆ ಮೂಟೆಯ ಪಕ್ಕ ಮಲಗುವುದೆಂದರೆ! ನಾವು ಮಕ್ಕಳು, ನಾನೂ ನನ್ನ ತಮ್ಮನೂ, ಮೇಲಿನ ಕಿಟಕಿಯಿಂದ “ಅಪ್ಪಾ, ಹೋಗಿ ಬರ್ತೇವೆ” ಎಂದು ಕೂಗಿ ಶಾಲೆಗೆ ಹೊರಡುತ್ತಿದ್ದೆವು, ಅವರು ಬೇರೆ ಊರಿನಲ್ಲಿದ್ದ ಹಾಗೆ.

ಆಮೇಲೆ ಕಾಲಿನ ಗಾಯ. ಚಪ್ಪಲಿ ಉಜ್ಜಿ ಬೆರಳ ಸಂದಿಯಲ್ಲಿ ಆದ ಸಣ್ಣ ಗುಳ್ಳೆ, ಅರಸಿನ ಹಚ್ಚಿದರೆ ಮಾಯಬೇಕಾದದ್ದು, ಮಾಯಲಿಲ್ಲ. ಹಸಿರಾಯಿತು, ವಾಸನೆ ಬಂತು. ಅಮ್ಮ ಹೇಳದೆ ಕೇಳದೆ ರಿಕ್ಷಾ ತರಿಸಿ ಅಪ್ಪನನ್ನು ಡಾಕ್ಟರಲ್ಲಿಗೆ ಒಯ್ದಳು. ಹೆಂಗಸು ಡಾಕ್ಟರು, ಗಟ್ಟಿ ಬಾಯಿಯವರು. ಎಲ್ಲರೂ ಡಾಕ್ಟರೀಣಬಾಯಿ ಎನ್ನುತ್ತಿದ್ದರು. ಮರಾಠಿ ಅಮ್ಮನಿಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧ ತಿಳಿಸಲು ನನ್ನನ್ನು ಕರೆದುಕೊಂಡು ಹೋಗಿದ್ದಳು. ಹಾಗಾಗಿ ನನ್ನ ಅಪ್ಪನ ಒಳಗೆ ಏನೇನು ಕೆಟ್ಟಿದೆ ಎಂಬುದನ್ನು ನನ್ನ ಬಾಯಿಂದಲೇ ಅಮ್ಮನಿಗೆ ಹೇಳಬೇಕಾಯಿತು. ರಕ್ತದಲ್ಲಿ ಸಕ್ಕರೆ ಮಿತಿಮೀರಿದೆ. ರಕ್ತದ ಒತ್ತಡವೂ ಅಷ್ಟೇ. ಹೃದಯ ಒಬ್ಬನಿಗೆಂದು ಮಾಡಿದ್ದು, ಇಬ್ಬರನ್ನು ಹೊರುತ್ತಿದೆ. ಮಲಗಿದಾಗ ಕುತ್ತಿಗೆಯ ಕೊಬ್ಬು ಉಸಿರಿನ ದಾರಿ ಒತ್ತುತ್ತಿದೆ. ಕಾಲಿಗೆ ನೋವು ಗೊತ್ತಾಗುವುದೇ ಕಡಿಮೆಯಾಗಿದೆ, ಅದಕ್ಕೇ ಗಾಯ ಇಷ್ಟು ದೂರ ಬಂದಿದೆ. ಒಂದು ಬೆರಳು ತೆಗೆಯಬೇಕು.

“ಏನು ತಿನ್ನುತ್ತಾರೆ?” ಎಂದು ಕೇಳಿದರು ಡಾಕ್ಟರೀಣಬಾಯಿ.

ಅಮ್ಮ ಹೇಳತೊಡಗಿದಳು, ನಾನು ಮರಾಠಿ ಮಾಡತೊಡಗಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಅವರು ಪೆನ್ನು ಕೆಳಗಿಟ್ಟರು.

“ಇದು ಊಟವಾ, ಕೂಲಿಯಾ?” ಎಂದರು. “ಮನೆ ಅಡುಗೆ ಕೊಡಿ. ಬೇಳೆ, ಕಾಳು, ಸೊಪ್ಪು, ಕಡಿಮೆ ಅನ್ನ. ಕರಿದದ್ದು, ಸಿಹಿ ಬೇಡ. ದಿನಾ ನಡೆಯಲಿ. ತೂಕ ಇಳಿದರೆ ಬದುಕು, ಇಲ್ಲದಿದ್ದರೆ ಈ ಬೆರಳು ಶುರು ಮಾತ್ರ.”

ಮನೆ ಅಡುಗೆ! ರಿಕ್ಷಾದಿಂದ ಇಳಿದವಳೇ ಅಮ್ಮ ಹೋಟೆಲಿನ ಫೋನಿನಿಂದ ದೊಡ್ಡಪ್ಪನ ಹತ್ತಿರ ಮಾತಾಡಿದಳು. ಭಾವನ ಎದುರು ತಲೆ ಎತ್ತಿ ಮಾತಾಡದವಳು, ಅವತ್ತು ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ಒಂದು ಒಲೆ ಬೇಕು ಎಂದಳು. ಆ ಕಡೆಯ ಮಾತು ಪಕ್ಕದಲ್ಲಿದ್ದ ನನಗೂ ಕೇಳುತ್ತಿತ್ತು, ದೊಡ್ಡಪ್ಪ ಫೋನಿನಲ್ಲಿ ಕೂಗಿಯೇ ಮಾತಾಡುವವರು.

“ಡಾಕ್ಟರುಗಳಿಗೆ ಹೆದರಿಸದಿದ್ದರೆ ಹೊಟ್ಟೆ ತುಂಬೂದಿಲ್ಲ ಲಲಿತಾ. ಕೆಳಗೆ ಅಷ್ಟು ಅಡುಗೆ ಬಿದ್ದಿರುವಾಗ ಮೇಲೆ ಇನ್ನೊಂದು ಒಲೆ ಎಂತಕ್ಕೆ? ಎರಡು ಒಲೆ ಅಂದ್ರೆ ಎರಡು ಮನೆ. ನಮ್ಮದು ಒಂದೇ ಮನೆ ಅಲ್ವಾ?”

“ಬೋಣಿ ತಟ್ಟೆ ಆದ್ರೂ ನಿಲ್ಲಿಸುವ ಭಾವ.”

“ದೇವರಿಗೆ ಇಟ್ಟದ್ದನ್ನು ಬೇಡ ಅನ್ನೂದಾ? ಹಾಗೆಲ್ಲ ಬಾಯಲ್ಲಿ ತರಬೇಡ.”

ಬೆರಳು ತೆಗೆದರು. ಬ್ಯಾಂಡೇಜು ಕಟ್ಟಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಅಪ್ಪ ಮತ್ತೆ ಬಾಗಿಲ ಪಕ್ಕದ ಮೇಜಿನಲ್ಲಿ ಕೂತರು. ಕಾಲಿಗೆ ಒಂದು ಪಂಚೆ ಹೊದಿಸಿದ್ದರು, ಗಿರಾಕಿಗೆ ಕಾಣಬಾರದೆಂದು. ಮುಂದೆ ತಟ್ಟೆಯಲ್ಲಿ ಬಿಸಿ ಶೀರಾ.

ಅದೇ ವರ್ಷ ಸಂಭಾಜಿನಗರದಲ್ಲಿ ದೊಡ್ಡಪ್ಪ ಹೊಸ ಮನೆ ಕಟ್ಟಿಸಿ ಪೂಜೆ ಇಟ್ಟುಕೊಂಡರು. ನಾವೆಲ್ಲ ಬಸ್ಸಿನಲ್ಲಿ ಹೋದೆವು. ಅಪ್ಪನಿಗೆ ಎರಡು ಸೀಟು ಬೇಕಾಯಿತು, ಕಂಡಕ್ಟರ್ ಅದಕ್ಕೊಂದು ತಮಾಷೆ ಮಾಡಿದ, ಬಸ್ಸೆಲ್ಲ ನಕ್ಕಿತು, ಅಪ್ಪನೂ ನಕ್ಕರು. ಪೂಜೆಯ ದಿನ ಊಟ ಭರ್ಜರಿಯಾಗಿಯೇ ನಡೆಯಿತು. ಕಥೆ ಇರುವುದು ಮರುದಿನ ಬೆಳಗ್ಗೆ. ನಾನು ಅಮ್ಮನ ಹಿಂದೆ ದೊಡ್ಡಮ್ಮನ ಅಡುಗೆಮನೆಗೆ ಹೋದೆ. ನನಗೆ ಅದು ಹೊಸ ಲೋಕ: ಮನೆಯೊಳಗೆ ಅಡುಗೆಮನೆ! ಒಲೆಯ ಮೇಲೆ ಕುಚ್ಚಲಕ್ಕಿ ಗಂಜಿ ಕೊತಕೊತ ಎನ್ನುತ್ತಿತ್ತು. ಪಕ್ಕದಲ್ಲಿ ನೆನೆಸಿದ ಹೆಸರುಕಾಳು ಬೆಂದಿತ್ತು, ತೊಂಡೆಕಾಯಿ ಪಲ್ಯ ಇತ್ತು, ಹುರುಳಿ ಚಟ್ನಿ ಇತ್ತು, ಮಡಕೆಯಲ್ಲಿ ಕಡೆದ ಮಜ್ಜಿಗೆ. ಎಣ್ಣೆಯ ಡಬ್ಬಿ ಇಷ್ಟೇ ಇಷ್ಟು, ಮಕ್ಕಳ ಆಟಿಕೆಯ ಹಾಗೆ. ಅಮ್ಮ ಅವನ್ನೆಲ್ಲ ಒಂದೊಂದಾಗಿ ನೋಡಿದಳು.

“ಅಕ್ಕ, ಇಲ್ಲಿಗೆ ಹೋಟೆಲಿನಿಂದ ಬರೂದಿಲ್ವಾ?”

ದೊಡ್ಡಮ್ಮ ಒಳ್ಳೆಯವರು, ಬಾಯಿಗೆ ಬೀಗವಿಲ್ಲದವರು. ಏನು ಹೇಳುತ್ತಿದ್ದೇನೆಂಬ ಅರಿವೇ ಇಲ್ಲದೆ ಹೇಳಿಬಿಟ್ಟರು:

“ಅಯ್ಯೋ, ಅದು ಗಿರಾಕಿಗೆ ಮಾರಾಯ್ತಿ! ನಿನ್ನ ಭಾವ ಅದನ್ನು ಹೊಸ್ತಿಲು ದಾಟಿಸಲಿಕ್ಕೇ ಬಿಡೂದಿಲ್ಲ. ಆ ಎಣ್ಣೆ ಎಷ್ಟು ಸಲ ಕಾಯ್ತದೆ ಅಂತ ನನಗೆ ಗೊತ್ತುಂಟು, ನನ್ನ ಮಕ್ಕಳಿಗೆ ಬೇಡ ಅಂತಾರೆ. ಅವರಿಗಂತೂ ಬೆಳಗ್ಗೆ ಗಂಜಿ, ಸಂಜೆ ನಡಿಗೆ, ಇಷ್ಟು ಆಗಲೇಬೇಕು.”

ಅಮ್ಮ ಸೌಟು ಹಿಡಿದುಕೊಂಡು ನಿಂತೇ ಇದ್ದಳು. ಅವಳ ಮುಖ ಆಗ ಹೇಗಿತ್ತೆಂದು ಹೇಳಬೇಕೆಂದರೆ, ಒಲೆಯ ಮೇಲೆ ಹಾಲು ಉಕ್ಕುವ ಮೊದಲು ಒಂದು ಕ್ಷಣ ಅಂಚಿನಲ್ಲಿ ನಿಲ್ಲುತ್ತದಲ್ಲ, ಹಾಗೆ.

ಹೊರಗೆ ನಡುಮನೆಯಲ್ಲಿ ಗಂಡಸರ ಸಾಲು ಕೂತಿತ್ತು. ದೊಡ್ಡಪ್ಪ, ಅಪ್ಪ, ಊರಿನಿಂದ ಪೂಜೆಗೆಂದು ಬಂದು ಇನ್ನೂ ಹೊರಡದಿದ್ದ ಪುರೋಹಿತರು. ದೊಡ್ಡಪ್ಪನ ಮುಂದೆ ಬಟ್ಟಲಿನಲ್ಲಿ ಗಂಜಿ. ಪುರೋಹಿತರ ಮುಂದೆಯೂ ಗಂಜಿ. ಅಪ್ಪನ ಮುಂದೆ ಮಾತ್ರ ಹೋಟೆಲಿನಿಂದ ತರಿಸಿದ ಪೊಟ್ಟಣ: ಬನ್ಸ್, ವಡೆ, ಶೀರಾ. “ವಾಸುವಿಗೆ ಗಂಜಿಯಲ್ಲಿ ಎಂತ ಆಗ್ತದೆ! ಅವನಿಗೆಂದೇ ತರಿಸಿದ್ದು, ಬೋಣಿ ಮಾಡಿಸಿದ್ದು” ಎಂದು ದೊಡ್ಡಪ್ಪ ಪ್ರೀತಿಯಿಂದಲೇ ಹೇಳುತ್ತಿದ್ದರು. ಪ್ರೀತಿಯಿಂದಲೇ! ನನ್ನ ಸಿಟ್ಟಿಗೆ ಇವತ್ತಿಗೂ ಜಾಗ ಸಿಗದಿರುವುದು ಅಲ್ಲೇ. ಆ ಮನುಷ್ಯನ ಕಣ್ಣಿನಲ್ಲಿ ತಮ್ಮನ ಮೇಲೆ ಕಕ್ಕುಲಾತಿ ಇತ್ತು, ಕೈಯಲ್ಲಿ ವಡೆ ಇತ್ತು.

ಅಮ್ಮ ಬಂದವಳೇ ಅಪ್ಪನ ಮುಂದಿನ ತಟ್ಟೆ ಎತ್ತಿ ದೊಡ್ಡಪ್ಪನ ಮುಂದಿಟ್ಟಳು.

“ಭಾವ, ದೇವರಿಗೆ ಇಟ್ಟದ್ದು. ನೀವು ತೆಗೊಳ್ಳಿ.”

“ನನಗೆ ಬೇಡ, ಗಂಜಿ ಉಂಟಲ್ಲ.”

“ಪ್ರಸಾದ ಬೇಡ ಅನ್ನಬಾರದು ಅಂತ ನೀವೇ ಹೇಳಿದ್ದು.”

“ಹಾಗಲ್ಲ... ಬೆಳಗ್ಗೆ ಬೆಳಗ್ಗೆ ಕರಿದದ್ದು ಹೊಟ್ಟೆಗೆ ಭಾರ ಆಗ್ತದೆ.”

“ನಿಮ್ಮ ಹೊಟ್ಟೆಗೆ ಭಾರ, ತಮ್ಮನ ಹೊಟ್ಟೆಗೆ ಹಗುರವಾ?”

ಅಪ್ಪ ತಲೆತಗ್ಗಿಸಿ, “ಲಲಿತಾ, ಬಿಡು” ಎಂದರು. ಅಮ್ಮ ಬಿಡಲಿಲ್ಲ. ಪುರೋಹಿತರ ಕಡೆ ತಿರುಗಿ ಸೆರಗು ಹೊದ್ದು, ಬಹಳ ವಿನಯದಿಂದ ಕೇಳಿದಳು:

“ಭಟ್ರೇ, ತಿಳಿಯದೆ ಕೇಳ್ತೇನೆ. ಪ್ರಸಾದ ಅಂದ್ರೆ ಎಷ್ಟು ತಿನ್ನಬೇಕು?”

ಆ ಮುದುಕರಿಗೆ ಮನೆಯ ಒಳಜಗಳ ಏನೂ ಗೊತ್ತಿಲ್ಲ. “ಒಂದು ಚೂರು ಕಣ್ಣಿಗೊತ್ತಿ ಬಾಯಿಗೆ ಹಾಕಿದರೆ ಆಯಿತಮ್ಮ. ಪ್ರಸಾದದಲ್ಲಿ ಹೊಟ್ಟೆ ತುಂಬಿಸುವ ಕ್ರಮ ಎಲ್ಲುಂಟು?” ಎಂದು ನಕ್ಕರು.

ಈಗ ನೋಡಿ ಅಮ್ಮನ ವ್ಯಾಪಾರ. ಸಗಟು ಮಾರುಕಟ್ಟೆಯಲ್ಲಿ ನಾನು ಇಷ್ಟು ವರ್ಷ ತರಕಾರಿ ಕೊಂಡಿದ್ದೇನೆ, ಎಂತೆಂಥ ದಲಾಲಿಗಳನ್ನು ಕಂಡಿದ್ದೇನೆ. ಅವತ್ತಿನ ಚೌಕಾಸಿಗೆ ಸಮನಾದದ್ದು ಕಾಣಲಿಲ್ಲ. ಒಲೆ ಬೇಕಾಗಿದ್ದವಳು ಒಲೆಯ ಹೆಸರೇ ಎತ್ತಲಿಲ್ಲ. “ನಾನು ಇವರನ್ನೂ ಮಕ್ಕಳನ್ನೂ ಕರಕೊಂಡು ಊರಿಗೆ ಹೋಗ್ತೇನೆ ಭಾವ. ತವರುಮನೆಯಲ್ಲಿ ಒಂದು ಮೂಲೆ ಸಿಗ್ತದೆ. ನಾಸಿಕದ ಗಲ್ಲಾಕ್ಕೆ ನೀವು ಬೇರೆ ಯಾರನ್ನಾದ್ರೂ ನೋಡಿಕೊಳ್ಳಿ” ಎಂದಳು. ದೊಡ್ಡಪ್ಪನ ಕೈಯ ಚಮಚ ಬಟ್ಟಲಿಗೆ ಬಿತ್ತು. ಪುರೋಹಿತರು ಊರಿಗೆ ಹೋಗುವವರು. ಅವರ ಕಿವಿಗೆ ಬಿದ್ದದ್ದು ಊರಿನ ಪ್ರತಿ ಜಗಲಿಗೂ ತಲುಪುತ್ತದೆ. ದೊಡ್ಡಪ್ಪ ಹಾಗೆಲ್ಲ ಮಾತಾಡಬೇಡ ಎಂದರು, ಮಕ್ಕಳ ಶಾಲೆ ಎಂದರು, ನಿನಗೆ ಏನು ಕಡಿಮೆಯಾಗಿದೆ ಹೇಳು ಎಂದರು. ಆ ಕೊನೆಯ ಮಾತು ಬರುವ ತನಕ ಅಮ್ಮ ಕಾದಳು. ಬಂದ ಮೇಲೆ ಮೆಲ್ಲಗೆ ಹೇಳಿದಳು:

“ಒಂದು ಒಲೆ.”

ನಾಸಿಕ ಬಿಡುವ ಮಾತಿನ ಮುಂದೆ ಒಂದು ಒಲೆ ಎಷ್ಟು ಚಿಕ್ಕದಾಗಿ ಕಂಡಿರಬೇಕು! ಅದೇ ಸಂಜೆ ಸಂಭಾಜಿನಗರದ ಪೇಟೆಯಲ್ಲಿ ದೊಡ್ಡಪ್ಪನೇ ನಿಂತು ಒಲೆ ಕೊಡಿಸಿದರು, ಒಂದೇ ಉರಿಯದು. ಬಸ್ಸಿನಲ್ಲಿ ಅಮ್ಮ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದಳು, ಮಗುವನ್ನು ಹಿಡಿದ ಹಾಗೆ.

ಒಲೆ ಬಂದ ಮೇಲೆ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮೊದಲ ದಿನಗಳಲ್ಲಿ ನಮ್ಮ ಮನೆಯಲ್ಲಿ ನಡೆದ ಜಗಳ ಹಿಂದೆ ನಡೆದಿರಲಿಲ್ಲ. ನನಗೂ ತಮ್ಮನಿಗೂ ಗಂಜಿ ಕಂಡರೆ ಅಳು. ಸೋರೆಕಾಯಿ, ಮೆಂತ್ಯಸೊಪ್ಪು, ಮಟಕಿಕಾಳಿನ ಪಲ್ಯ, ಜೋಳದ ಭಾಕರಿ. ಭಾಕರಿ ತಟ್ಟುವುದನ್ನು ಅಮ್ಮ ಪಕ್ಕದ ಮನೆಯ ಮರಾಠಿ ಅಜ್ಜಿಯಿಂದ ಕಲಿತಳು, ಕೈ ಸುಟ್ಟುಕೊಂಡು. ಕೆಳಗಿನಿಂದ ವಡೆಯ ವಾಸನೆ ನೆಲ ತೂರಿ ಬರುತ್ತಿತ್ತು. ಅಪ್ಪನ ಪಾಡಂತೂ ಕೇಳಬೇಡಿ. ಬುಟ್ಟಿ ಈಗ ತಿರುಗುಮುರುಗಾಗಿತ್ತು: ಕೆಳಗಿನಿಂದ ಮೇಲೆ ಬರುತ್ತಿದ್ದದ್ದು ಮೇಲಿನಿಂದ ಕೆಳಗೆ ಹೋಗತೊಡಗಿತು. ಹೊತ್ತಿಗೆ ಸರಿಯಾಗಿ ಅಮ್ಮ ಮುಚ್ಚಿದ ಬಟ್ಟಲನ್ನು ಬುಟ್ಟಿಯಲ್ಲಿಟ್ಟು ಇಳಿಸುತ್ತಿದ್ದಳು. ಬೋಣಿ ತಟ್ಟೆ ನಿಲ್ಲಲಿಲ್ಲ, ಆದರೆ ಪುರೋಹಿತರ ತೀರ್ಪಿನಂತೆ ಅಪ್ಪ ಒಂದು ಚೂರು ಕಣ್ಣಿಗೊತ್ತಿ ಬಾಯಿಗೆ ಹಾಕಿ ತಟ್ಟೆಯನ್ನು ಹೊರಗಿನ ಭಿಕ್ಷುಕರಿಗೆ ಕೊಡಬೇಕು. ಎಷ್ಟೋ ಸಲ ಆ ಚೂರು ದೊಡ್ಡದಾಗುತ್ತಿತ್ತು. ಆಗ ಬುಟ್ಟಿ ಖಾಲಿಯಾಗದೆ ವಾಪಸು ಬರುತ್ತಿತ್ತು, ಅಮ್ಮನಿಗೆ ಗೊತ್ತಾಗುತ್ತಿತ್ತು.

“ನಾಲಿಗೆಗೆ ಹಗ್ಗ ಕಟ್ಟಿದ್ದೀಯಲ್ಲ ಮಾರಾಯ್ತಿ” ಎಂದು ಅಪ್ಪ ಕೆಳಗಿನಿಂದ ಕೂಗುತ್ತಿದ್ದರು.

“ಹಗ್ಗ ನಿಮ್ಮ ಅಣ್ಣ ಕಟ್ಟಿದ್ದು. ನಾನು ಬಿಚ್ಚುತ್ತಾ ಇದ್ದೇನೆ” ಎಂದು ಅಮ್ಮ ಕಿಟಕಿಯಿಂದ.

ಗಲ್ಲಿಗೆ ಗಲ್ಲಿಯೇ ಕೇಳಿ ನಗುತ್ತಿತ್ತು. ಭಾಷೆ ತಿಳಿಯದವರೂ ನಗುತ್ತಿದ್ದರು. ಇಷ್ಟರಲ್ಲಿ ತಿಂಗಳುಗಳು ಕಳೆದವು. ಅಪ್ಪನ ಕುತ್ತಿಗೆ ಎಂಬುದೊಂದು ಕಾಣಿಸಿಕೊಂಡಿತು. ಮಧ್ಯಾಹ್ನದ ನಿದ್ದೆಯಲ್ಲಿ ಗೊರಕೆ ನಡುವೆ ನಿಲ್ಲುವುದು ಕಡಿಮೆಯಾಯಿತು. ಒಂದು ದಿನ ಬುಟ್ಟಿ ಇಳಿಸಿದರೆ ತೆಗೆದುಕೊಳ್ಳಲು ಕೆಳಗೆ ಯಾರೂ ಇಲ್ಲ; ತಿರುಗಿ ನೋಡಿದರೆ ಅಪ್ಪ ಮೇಲೆ ಮನೆಯ ಬಾಗಿಲಲ್ಲೇ ನಿಂತಿದ್ದರು, ಏದುಸಿರು ಬಿಡುತ್ತಾ. ತಿರುವಿನಲ್ಲಿ ಎಷ್ಟು ಹೊತ್ತು ನಿಂತಿದ್ದರೋ ಏನೋ. ಮೂಟೆಗಳ ಪಕ್ಕದ ಬೆಂಚನ್ನು ಮರುದಿನವೇ ಅಮ್ಮ ಗುಜರಿಯವನಿಗೆ ಕೊಟ್ಟಳು.

ಆದರೆ ಪಂಚವಟಿಯ ಬಾಯಿ ಸುಮ್ಮನಿರುತ್ತದೆಯೇ? ಹೊಟ್ಟೆ ಬೆಳೆಯುವಾಗ ಬೇಡ ಎಂದು ತುಟಿ ಬಿಚ್ಚದಿದ್ದವರು ಕರಗುವಾಗ ಸಾಲುಗಟ್ಟಿ ಬಂದರು. “ಶೇಟ್, ಕಾಯ್ ಝಾಲಂ? ಬರಂ ನಾಹೀ ಕಾ?” ಏನಾಯಿತು, ಹುಷಾರಿಲ್ಲವೇ. ಧಂದೆ ಕುಸಿದಿದೆಯಂತೆ, ಅಣ್ಣ ತಮ್ಮ ಬೇರೆಯಾಗುತ್ತಾರಂತೆ, ಯಾವುದೋ ದೊಡ್ಡ ಕಾಯಿಲೆಯಂತೆ. ಭಾನುವಾರದ ಎಂಜಿನಿಯರೊಬ್ಬರು, “ಇಷ್ಟು ಇಳಿದದ್ದು ಸಾಕು ಶೇಟ್, ಮುಖದಲ್ಲಿ ಕಳೆಯೇ ಇಲ್ಲ” ಎಂದು ಬುದ್ಧಿ ಹೇಳಿದರು. ಓದಿದವರು! ಬೆರಳು ಹೋದಾಗ ಮುಖದಲ್ಲಿದ್ದ ಕಳೆ ಅವರಿಗೆ ಕಂಡಿತ್ತಂತೆ. ಈಗಲೂ ಇದು ಬದಲಾಗಿಲ್ಲ. ಮದುವೆ ಮನೆಗೆ ಹೋಗಿ ನೋಡಿ: ಶುಗರ್ ಇದೆ ಎಂದವನ ಎಲೆಗೆ “ಒಂದು ಹೋಳಿಗೆಯಲ್ಲಿ ಎಂತ ಆಗ್ತದೆ” ಎಂದು ಹಾಕುವ ಕೈಗಳು ಹತ್ತಾರು, ಅವನ ಕಾಲಿನ ಬ್ಯಾಂಡೇಜು ಬಿಚ್ಚುವ ಕೈ ಒಂದೇ. ಇನ್ನು ಕೆಲವರು ಅದೇ ಸಿಹಿಯ ಮೇಲೆ ‘ಡಯಟ್’ ಎಂದು ಚೀಟಿ ಅಂಟಿಸಿ ಮಾರುತ್ತಾರೆ. ನನಗೆ ತಿಳಿದ ಪರೀಕ್ಷೆ ಒಂದೇ ಒಂದು, ಧರ್ಮಕ್ಕೆ ಹೇಳುತ್ತೇನೆ: ಮಾರುವವನ ಮನೆಯಲ್ಲಿ ಬೆಳಗ್ಗೆ ಏನು ಬೇಯುತ್ತದೆ ಎಂದು ಕೇಳಿ. ಅವನು ತನ್ನ ಮಕ್ಕಳಿಗೆ ಕೊಡದ್ದನ್ನು ನೀವು ನಿಮ್ಮ ಮಕ್ಕಳಿಗೆ ಕೊಡಬೇಡಿ.

ಸುದ್ದಿ ಕೇಳಿ ದೊಡ್ಡಪ್ಪ ಬಂದರು. ಅಪ್ಪನನ್ನು ಮೇಲಿನಿಂದ ಕೆಳಗೆ ನೋಡಿದರು. ಆರೋಗ್ಯ ಹೇಗಿದೆ ಎಂದು ಕೇಳಿದರೇ? ಇಲ್ಲ.

“ಹೀಗೆ ಕೂತರೆ ನಡೆಯೂದಿಲ್ಲ ವಾಸು. ಗಿರಾಕಿ ಹೆದರ್ತಾನೆ.”

ಗಲ್ಲಾಕ್ಕೆ ದೊಡ್ಡಮ್ಮನ ತವರಿನ ಒಬ್ಬ ಗುಂಡುಗುಂಡಾದ ಹುಡುಗನನ್ನು ತಂದು ಕೂರಿಸಿದರು. ಅವನ ಮುಂದೆಯೂ ಬೋಣಿ ತಟ್ಟೆ ಬಂತು; ಅಮ್ಮ ಅವನಿಗೂ ಹೇಳಿ ನೋಡಿದಳು, ಅವನು ನಕ್ಕ. ಪೇಂಟರನ್ನು ಕರೆಸಿ ಬಾಗಿಲ ಮೇಲೆ ದೊಡ್ಡ ಬೋರ್ಡು ಬರೆಸಿದರು. ಬೋರ್ಡಿನಲ್ಲಿ ಹಳೆಯ ಅಪ್ಪ: ಗುಡಾಣ ಹೊಟ್ಟೆ, ಉಬ್ಬಿದ ಕೆನ್ನೆ, ಕೈಯಲ್ಲಿ ವಡೆಯ ತಟ್ಟೆ, ಎರಡೂ ಕಾಲಿನಲ್ಲಿ ಪೂರಾ ಬೆರಳು. ನಿಜವಾದ ಅಪ್ಪನನ್ನು ಗಿರಾಕಿಯ ಕಣ್ಣಿಗೆ ಬೀಳದ ಕೆಲಸಕ್ಕೆ ಹಾಕಿದರು, ಬೆಳಗ್ಗೆ ಸಗಟು ಮಾರುಕಟ್ಟೆಗೆ ಹೋಗಿ ಹೋಟೆಲಿಗೆ ತರಕಾರಿ ತರುವುದು. ಶಿಕ್ಷೆಯೆಂದೇ ಕೊಟ್ಟದ್ದು. ಅಪ್ಪನಿಗೆ ಅದು ಮೊದಲು ಅವಮಾನವೇ ಆಯಿತು. ನಗಿಸಿ ಬದುಕಿದ ಮನುಷ್ಯನಿಂದ ನೋಡುವವರನ್ನು ಕಿತ್ತುಕೊಂಡರೆ ಏನು ಉಳಿಯುತ್ತದೆ? ಮೊದಮೊದಲು ಅವರಿಗೆ ಜೊತೆಯಾಗಲೆಂದು ಅಮ್ಮ ನನ್ನನ್ನು ಕಳಿಸುತ್ತಿದ್ದಳು. ತರಕಾರಿ ರಾಶಿಗಳ ನಡುವೆ ನಡೆದು ನಡೆದು, ಕೊತ್ತಂಬರಿ ಕಟ್ಟು ಮೂಸಿ, ಸೋರೆಕಾಯಿಗೆ ಉಗುರು ಒತ್ತಿ ನೋಡಿ, ದಲಾಲಿಯ ಮೊದಲ ಮಾತಿಗೆ ಬೆನ್ನು ತಿರುಗಿಸುವುದನ್ನು ನಾನು ಕಲಿತದ್ದು ಅಲ್ಲಿ. ಅಪ್ಪನಿಗೆ ಚೌಕಾಸಿ ಆಗಿಬರಲಿಲ್ಲ, ಸಂಕೋಚ. ಚೌಕಾಸಿ ನನ್ನದು, ಚೀಲ ಅವರದು, ನಡಿಗೆ ಇಬ್ಬರದು. ದೊಡ್ಡಪ್ಪ ಕೊಟ್ಟ ಶಿಕ್ಷೆ ಡಾಕ್ಟರೀಣಬಾಯಿ ಬರೆದುಕೊಟ್ಟ ಔಷಧಿಯೇ ಆಗಿತ್ತು. ಈ ಉಪಕಾರಕ್ಕೆ ನಾನು ಅವರಿಗೆ ಋಣಿ ಎಂದು ಮಾತ್ರ ಯಾರೂ ತಿಳಿಯಬೇಡಿ.

ಅಪ್ಪ ಪೂರಾ ಗುಣವಾದರೆಂದು ಹೇಳಲಾರೆ. ಸಕ್ಕರೆ ಕಾಯಿಲೆ ಕೊನೆಯ ತನಕ ಜೊತೆಗಿತ್ತು, ಒಂದು ಕಣ್ಣು ಮಂಜಾಯಿತು, ಹೋದ ಬೆರಳು ಬರಲಿಲ್ಲ. ಅಷ್ಟನ್ನು ಆ ತಟ್ಟೆಗಳು ತಿಂದುಹಾಕಿದ್ದವು. ಉಳಿದದ್ದನ್ನು ಅಮ್ಮ ಉಳಿಸಿದಳು, ಅದು ನನ್ನ ಮದುವೆ, ನನ್ನ ಮಕ್ಕಳು ಎಲ್ಲವನ್ನೂ ನೋಡುವಷ್ಟು ವರ್ಷ ಬಂತು.

ಆ ಕಾಲದ ಒಂದು ಬೆಳಗು ನನ್ನ ಕಣ್ಣಮುಂದೆ ಇದೆ. ಮಾರುಕಟ್ಟೆಯಿಂದ ಬಂದು ರಿಕ್ಷಾದಿಂದ ಇಳಿದಿದ್ದೆವು. ಅಪ್ಪನ ಒಂದು ಕೈಯಲ್ಲಿ ಮೆಂತ್ಯದ ಚೀಲ, ಇನ್ನೊಂದರಲ್ಲಿ ಸೋರೆಕಾಯಿ, ಹಳೆಯ ಅಂಗಿಯನ್ನು ಹಿಡಿಸಿ ಹೊಲಿಸಿದ್ದು ಮೈಮೇಲೆ. ಮಾಲೇಗಾಂವ್ ಕಡೆಯಿಂದ ಬಂದ ಯಾತ್ರಿಕರ ಒಂದು ಗುಂಪು ಬಾಗಿಲಲ್ಲಿ ನಿಂತಿತ್ತು, ಹಿಂದೊಮ್ಮೆ ಬಂದವರು. ಅವರಲ್ಲಿ ಹಿರಿಯರೊಬ್ಬರು ಬೋರ್ಡಿನ ಚಿತ್ರವನ್ನು ತೋರಿಸಿ, ಪಕ್ಕದಲ್ಲೇ ನಿಂತಿದ್ದ ಅಪ್ಪನನ್ನು ಕೂಲಿಯವನೆಂದು ತಿಳಿದು ಕೇಳಿದರು:

“ಕಾ ಹೋ, ತೇ ಶೇಟ್ ಕುಠೇ ಆಹೇತ್?”

ಆ ಶೇಟ್ ಎಲ್ಲಿ ಎಂದು. ಅಪ್ಪ ಕತ್ತೆತ್ತಿ ಬೋರ್ಡನ್ನು ನೋಡಿದರು. ತುಂಬಾ ಹೊತ್ತು ನೋಡಿದರು, ಪರಿಚಯದವರನ್ನು ನೋಡಿದ ಹಾಗೆ. ಆಮೇಲೆ ಅವರ ಮುಖದಲ್ಲಿ ಆ ಹಳೆಯ ನಗು ಬಂತು, ಗಲ್ಲಾ ಬಿಟ್ಟ ಮೇಲೆ ನಾನು ಕಂಡೇ ಇರದ ನಗು.

“ತೇ ಗೇಲೇ,” ಎಂದರು. “ಮೀ ರಾಹಿಲೋ.”

ಅಂದರೆ, ಅವರು ಹೋದರು. ನಾನು ಉಳಿದೆ.

ಯಾತ್ರಿಕರು ಅಯ್ಯೋ ಎಂದು ಬೋರ್ಡಿಗೆ ಕೈಮುಗಿದರು. ಮೇಲಿನ ಕಿಟಕಿಯಲ್ಲಿ ಅಮ್ಮನ ತಲೆ ಕಾಣಿಸಿತು.

“ಇವರೇ, ಅಲ್ಲಿ ಎಂತ ಪಂಚಾಯ್ತಿಕೆ? ಗಂಜಿ ಆರ್ತಾ ಉಂಟು.”

ಅಪ್ಪ ಸೋರೆಕಾಯಿಯನ್ನು ನನ್ನ ಕೈಗೆ ಕೊಟ್ಟು ಮೆಟ್ಟಿಲು ಹತ್ತಿದರು. ನಾನು ಕೆಳಗೆ ನಿಂತು ನೋಡುತ್ತಿದ್ದೆ. ತಿರುವಿನಲ್ಲಿ ಅವರು ನಿಲ್ಲಲಿಲ್ಲ.